ಒಗೆದ ಟವೆಲ್ಲೂ ನಾರುತ್ತದಲ್ಲ, ಯಾಕೆ?

ಓದುಗರ ಪ್ರಶ್ನೆ: ಮುಲುಂಡಿನಲ್ಲಿ ಒಂದು ಬೆಡ್‌ರೂಮಿನ ಮನೆ ನಮ್ಮದು. ಫ್ರಂಟ್ ಲೋಡ್ ಮಷಿನ್ ಇದೆ. ಒಳ್ಳೆಯ ಪೌಡರೇ ಹಾಕುತ್ತೇವೆ, ಕೊನೆಗೆ ಸಾಫ್ಟನರ್ ಕೂಡ. ಆದರೂ ಜೂನ್ ಬಂತೆಂದರೆ ಟವೆಲ್, ಬನಿಯನ್, ಮಕ್ಕಳ ಯೂನಿಫಾರ್ಮ್ ಎಲ್ಲಕ್ಕೂ ಮುಗ್ಗಲು ವಾಸನೆ. ಒಣಗಿದಾಗ ಗೊತ್ತಾಗುವುದಿಲ್ಲ, ಮೈ ಒರೆಸಿಕೊಂಡ ಕೂಡಲೇ ಮೂಗಿಗೆ ಬಡಿಯುತ್ತದೆ. ಪೌಡರ್ ಜಾಸ್ತಿ ಹಾಕಿ ನೋಡಿದೆವು, ಎರಡು ಮುಚ್ಚಳ ಆಂಟಿಸೆಪ್ಟಿಕ್ ಸುರಿದೂ ನೋಡಿದೆವು. ಏನು ಮಾಡಬೇಕು?

ಉತ್ತರ: ಮೊದಲು ಆ ಹೆಚ್ಚುವರಿ ಪೌಡರ್ ನಿಲ್ಲಿಸಿ. ಬಟ್ಟೆ ತುಂಬ ಹೊತ್ತು ಒದ್ದೆಯಾಗಿರುವುದು ಒಂದು, ನೂಲಿನೊಳಗೆ ಸೋಪು ಮತ್ತು ಮೈಯೆಣ್ಣೆ ಉಳಿದುಬಿಡುವುದು ಇನ್ನೊಂದು. ಈ ಎರಡೂ ಸೇರಿದಾಗ ವಾಸನೆ ಹುಟ್ಟುತ್ತದೆ. 2012ರಲ್ಲಿ ಜಪಾನಿನ ಸಂಶೋಧಕರು ಹೀಗೆ ನಾರುವ ಬಟ್ಟೆಗಳಲ್ಲಿ ಮೊರಾಕ್ಸೆಲ್ಲಾ ಓಸ್ಲೋಎನ್ಸಿಸ್ ಎಂಬ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಅದು ಬಟ್ಟೆಯಲ್ಲಿ ಉಳಿದ ಜಿಡ್ಡನ್ನು ತಿಂದು ಒಂದು ಬಗೆಯ ಆಮ್ಲವನ್ನು ಬಿಡುತ್ತದೆ, ಒದ್ದೆ ಬಟ್ಟೆಯ ಕಮಟು ಅದರದ್ದೇ. ಒಣಗಿದರೂ ಬದುಕಿರುವ ಜೀವಿ ಅದು, ತಣ್ಣೀರಿನ ಒಗೆತಕ್ಕೂ ಪೂರ್ತಿ ಸಾಯುವುದಿಲ್ಲ. ಅದಕ್ಕೇ ಕಪಾಟಿನಲ್ಲಿ ಸುಮ್ಮನಿದ್ದ ಟವೆಲ್ ನೀರು ತಾಗಿದ ಕೂಡಲೇ ನಾರತೊಡಗುತ್ತದೆ. ನೀವು ಹಾಕಿದ ಎರಡು ಮುಚ್ಚಳ ಆಂಟಿಸೆಪ್ಟಿಕ್ ಮಷಿನ್ನಿನ ಅಷ್ಟೂ ನೀರಿನಲ್ಲಿ ತೆಳ್ಳಗಾಗಿ ಹೋಗಿರುತ್ತದೆ, ಜಿಡ್ಡು ಇದ್ದಲ್ಲೇ ಇರುತ್ತದೆ.

ನಿಮ್ಮ ಬಟ್ಟೆಯಲ್ಲಿ ಸೋಪು ಉಳಿದಿದೆಯೇ ಎಂದು ನೋಡುವುದು ಸುಲಭ. ಒಗೆದು ಒಣಗಿಸಿದ ಒಂದು ಟವೆಲನ್ನು ಅರ್ಧ ಬಕೆಟ್ ಬಿಸಿನೀರಿಗೆ ಹಾಕಿ, ಏನನ್ನೂ ಬೆರೆಸದೆ ಕೈಯಲ್ಲಿ ಎರಡು ನಿಮಿಷ ಚೆನ್ನಾಗಿ ಕಿವುಚಿ. ನೀರು ಬೆಳ್ಳಗೆ ಮಬ್ಬಾಗಿ ಅಂಚಿನಲ್ಲಿ ನೊರೆ ನಿಂತರೆ ಪೌಡರ್ ಹೆಚ್ಚಾಗಿದೆ, ಜಾಲಾಟ ಸಾಲುತ್ತಿಲ್ಲ ಎಂದು ಗೊತ್ತಾಗುತ್ತದೆ. ಮುಂಬಯಿಯಲ್ಲಿ ಇದು ಸಾಮಾನ್ಯ. ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಜಲಾಶಯಗಳಿಂದ ಪಾಲಿಕೆ ತರುವುದು ಮಳೆಯ ನೀರು, ಬೋರ್‌ವೆಲ್ ನೀರಿನಷ್ಟು ಗಡಸಲ್ಲ. ಅದರಲ್ಲಿ ಸ್ವಲ್ಪ ಪೌಡರಿಗೇ ಬೇಕಾದಷ್ಟು ನೊರೆ ಬರುತ್ತದೆ. ಫ್ರಂಟ್ ಲೋಡ್ ಮಷಿನ್ ಒಗೆಯುವುದೇ ಬಟ್ಟೆಯನ್ನು ಮೇಲೆತ್ತಿ ಕೆಳಕ್ಕೆ ಬೀಳಿಸಿ. ನೊರೆ ತುಂಬಿದರೆ ಬಟ್ಟೆ ಅದರ ಮೇಲೆ ಮೆತ್ತಗೆ ಬೀಳುತ್ತದೆ, ಒಗೆತವೇ ಆಗುವುದಿಲ್ಲ. ಕೈಯಲ್ಲಿ ಒಗೆಯುವ ಪೌಡರನ್ನು ಈ ಮಷಿನ್ನಿಗೆ ಹಾಕಬಾರದು ಅನ್ನುವುದೂ ಇದಕ್ಕೇ.

ಈಗ ಸೇರಿಕೊಂಡಿರುವುದನ್ನು ಒಮ್ಮೆ ತೆಗೆಯಬೇಕು. ಬೇಕಾಗುವುದು ಸೋಡಿಯಂ ಪರ್‌ಕಾರ್ಬೊನೇಟ್. ಹಾಗೇ ಬಿಡಿಯಾಗಿಯೂ ಸಿಗುತ್ತದೆ, ‘ಆಕ್ಸಿ’ ಎಂದು ಬರೆದ ಕಲೆ ತೆಗೆಯುವ ಪುಡಿಗಳಲ್ಲಿಯೂ ಮುಖ್ಯವಾಗಿ ಇದೇ ಇರುತ್ತದೆ, ಪೊಟ್ಟಣದ ಹಿಂದೆ ಓದಿ ನೋಡಿ. 15 ಲೀಟರ್ ಬಕೆಟ್ಟಿಗೆ ಸುಮಾರು 60 ಡಿಗ್ರಿಯ ನೀರು ತುಂಬಿ. ಗೀಸರನ್ನು ಪೂರ್ತಿ ಕಾಯಿಸಿ ತಣ್ಣೀರು ಬೆರೆಸದೆ ಹಿಡಿದರೆ ಹೆಚ್ಚುಕಡಿಮೆ ಅಷ್ಟಿರುತ್ತದೆ. ಮೂರು ದೊಡ್ಡ ಚಮಚ ಪುಡಿ ಕರಗಿಸಿ, ನಾಲ್ಕು ಟವೆಲ್ ಮುಳುಗಿಸಿ, ಎರಡು ಗಂಟೆ ಬಿಡಿ. ನೀರು ಬಿಸಿಯಿರಲೇಬೇಕು, ತಣ್ಣೀರಿನಲ್ಲಿ ಈ ಪುಡಿ ಬಹಳ ನಿಧಾನ. ಎರಡು ಗಂಟೆಯ ಮೇಲೆ ಬಕೆಟ್ಟಿನ ನೀರಿನ ಬಣ್ಣ ನೋಡಿದರೆ ಇಷ್ಟು ದಿನ ಏನನ್ನು ಮೈಗೆ ಒರೆಸಿಕೊಳ್ಳುತ್ತಿದ್ದೆವು ಅನ್ನುವುದು ತಿಳಿಯುತ್ತದೆ. ಆಮೇಲೆ ಮಷಿನ್ನಿಗೆ ಹಾಕಿ, ಪೌಡರಿಲ್ಲದೆ, 60 ಡಿಗ್ರಿಯ ಕಾಟನ್ ಪ್ರೋಗ್ರಾಂ, ಒಂದು ಹೆಚ್ಚುವರಿ ಜಾಲಾಟ. ಕೈಗವಸು ಹಾಕಿಕೊಳ್ಳಿ, ಚರ್ಮ ಉರಿಯಬಹುದು. ಮಿಕ್ಕ ದ್ರಾವಣವನ್ನು ಬಾಟಲಿಗೆ ತುಂಬಿ ಬಿರಡೆ ಹಾಕಿಡಬೇಡಿ. ಅದರಿಂದ ಆಮ್ಲಜನಕ ಹೊರಬರುತ್ತಲೇ ಇರುತ್ತದೆ, ಬಾಟಲಿ ಸಿಡಿದೀತು. ರೇಷ್ಮೆ, ಉಣ್ಣೆ ಇದರ ಹತ್ತಿರವೂ ಬರಬಾರದು. ಬಣ್ಣ ಬಿಡುವ ಅನುಮಾನವಿದ್ದ ಬಟ್ಟೆಯನ್ನು ಒಳಹೊಲಿಗೆಯ ಕಡೆ ಒಂದು ಹನಿ ಹಾಕಿ ಮೊದಲು ಪರೀಕ್ಷಿಸಿ.

ವಾಷಿಂಗ್ ಸೋಡಾ ಇದ್ದರೆ ಅದನ್ನೂ ಇದೇ ಅಳತೆಯಲ್ಲಿ ಬಳಸಬಹುದು. ಜಿಡ್ಡು ಬಿಡಿಸುತ್ತದೆ, ಆದರೆ ಬ್ಯಾಕ್ಟೀರಿಯಾದ ಮೇಲೆ ಅಷ್ಟು ಕೆಲಸ ಮಾಡುವುದಿಲ್ಲ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಉಕ್ಕಿಸುವ ವೀಡಿಯೊಗಳನ್ನು ನಂಬಬೇಡಿ. ಉಕ್ಕಿ ನಿಂತ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

ಅಲ್ಲಿಂದ ಮುಂದೆ ಪೊಟ್ಟಣದ ಮೇಲೆ ಹೇಳಿದ ಅಳತೆಯ ಅರ್ಧದಿಂದ ಶುರುಮಾಡಿ. ಕೊಳೆ ಹೋಗುತ್ತಿಲ್ಲ ಅನಿಸಿದರೆ ಮಾತ್ರ ಸ್ವಲ್ಪ ಸ್ವಲ್ಪವೇ ಏರಿಸಿ. ಡ್ರಮ್ಮಿನ ಮೇಲ್ಭಾಗದಲ್ಲಿ ಅಂಗೈ ಅಡ್ಡಲಾಗಿ ತೂರುವಷ್ಟು ಜಾಗ ಬಿಡಿ. ಟವೆಲ್ಲಿಗೆ ಸಾಫ್ಟನರ್ ಬೇಡವೇ ಬೇಡ. ಅದು ನೂಲಿನ ಮೇಲೆ ಮೇಣದಂಥ ಪದರ ಕಟ್ಟುತ್ತದೆ, ಟವೆಲ್ ನೀರು ಹೀರುವುದು ಕಡಿಮೆಯಾಗುತ್ತದೆ. ಟವೆಲ್, ಒಳಉಡುಪು, ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಲ್ಲಿ ಒಗೆಯಿರಿ. ಇಲಾಸ್ಟಿಕ್ ಇರುವುದನ್ನು ಮತ್ತು ಜಿಮ್ಮಿಗೆ ಹಾಕುವ ಪಾಲಿಯೆಸ್ಟರ್ ಟೀ ಶರ್ಟನ್ನು 40 ಡಿಗ್ರಿಗೆ ನಿಲ್ಲಿಸಿ. ಪಾಲಿಯೆಸ್ಟರ್ ಮೈಯೆಣ್ಣೆಯನ್ನು ಹಿಡಿದುಕೊಳ್ಳುವ ನೂಲು. ಬೆವತ ಶರ್ಟನ್ನು ಬುಟ್ಟಿಗೆ ಎಸೆಯದೆ ಅಂದೇ ನೀರಿನಲ್ಲಿ ಅದ್ದಿ ಹಿಂಡಿ ಹಾಕುವುದೇ ಅದಕ್ಕೆ ದಾರಿ.

ಮಷಿನ್ ಕೂಡ ನಾರುತ್ತಿರಬಹುದು. ಬಾಗಿಲ ಸುತ್ತಲಿನ ರಬ್ಬರಿನ ಮಡಿಕೆಯನ್ನು ಬೆರಳಲ್ಲಿ ಬಿಡಿಸಿ ಬಿಳಿ ಬಟ್ಟೆಯಿಂದ ಒರೆಸಿ. ಕಪ್ಪು ಲೋಳೆ ಬಂದರೆ ಒಳಗಿನ ತೊಟ್ಟಿಯಲ್ಲೂ ಅದೇ ಇದೆ ಎಂದುಕೊಳ್ಳಿ. ಪೌಡರ್ ಹಾಕುವ ಡಬ್ಬಿಯನ್ನು ಪೂರ್ತಿ ಎಳೆದು ತೊಳೆಯಿರಿ. ಕೆಳಮೂಲೆಯ ಸಣ್ಣ ಬಾಗಿಲಿನ ಹಿಂದೆ ನೀರು ಹೋಗುವ ಪಂಪಿನ ಫಿಲ್ಟರ್ ಇರುತ್ತದೆ. ಅಡಿಗೆ ತಟ್ಟೆ ಇಟ್ಟು, ಪಕ್ಕದ ಸಣ್ಣ ಪೈಪಿನಿಂದ ನೀರು ಇಳಿಸಿ, ಆಮೇಲಷ್ಟೇ ಬಿರಡೆ ತಿರುಗಿಸಿ. ನಾಣ್ಯ, ಕೂದಲು, ಹೇರ್‌ಪಿನ್ ಎಲ್ಲ ಅಲ್ಲಿ ಸಿಗುತ್ತವೆ. ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ ಟಬ್ ಕ್ಲೀನ್ ಪ್ರೋಗ್ರಾಂ ಓಡಿಸಿ. ಅಂಗಡಿಯವರು ಡೀಸ್ಕೇಲಿಂಗ್ ಪುಡಿ ಕೊಡುತ್ತಾರೆ, ಆದರೆ ಅದು ಇರುವುದು ಗಡಸು ನೀರಿನ ಸುಣ್ಣಕ್ಕೆ. ಪಾಲಿಕೆಯ ನೀರು ಬರುವ ಮನೆಯಲ್ಲಿ ತೊಟ್ಟಿಗೆ ಮೆತ್ತಿಕೊಳ್ಳುವುದು ಹೆಚ್ಚಾಗಿ ಸೋಪು ಮತ್ತು ಜಿಡ್ಡು, ಅದಕ್ಕೆ ಡ್ರಮ್ಮಿಗೇ 100 ಗ್ರಾಂ ಪರ್‌ಕಾರ್ಬೊನೇಟ್ ಹಾಕುವುದು ಮೇಲು. ಒಗೆದು ಮುಗಿದ ಮೇಲೆ ಬಾಗಿಲು ತೆರೆದೇ ಇರಲಿ. ಚಿಕ್ಕ ಮಕ್ಕಳಿರುವ ಮನೆಯಾದರೆ ಅವರು ಒಳಗೆ ಹತ್ತದ ಹಾಗೆ ನೋಡಿಕೊಳ್ಳಿ.

ಒಣಗಿಸುವುದೇ ಇದರಲ್ಲಿ ಕಷ್ಟದ ಕೆಲಸ. ಜುಲೈಯಲ್ಲಿ ಇಲ್ಲಿನ ಗಾಳಿಯ ತೇವಾಂಶ ಸಾಮಾನ್ಯವಾಗಿ 80%ಕ್ಕಿಂತ ಮೇಲೇ. ಡ್ರೈ ಬಾಲ್ಕನಿಯಲ್ಲಿ, ಅಂದರೆ ಬಟ್ಟೆ ಒಣಹಾಕುವ ಪುಟ್ಟ ಬಾಲ್ಕನಿಯಲ್ಲಿ, ಹಾಕಿದ ಟರ್ಕಿ ಟವೆಲ್ ಎರಡು ದಿನವಾದರೂ ಒಣಗುವುದಿಲ್ಲ. ಐದಾರು ಗಂಟೆಯೊಳಗೆ ಒಣಗಿಸುವ ಗುರಿ ಇಟ್ಟುಕೊಳ್ಳಿ. ರಾತ್ರಿ ಮಲಗುವಾಗ ಮಷಿನ್ ಹಾಕಿ ಬೆಳಗ್ಗೆ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಬಟ್ಟೆ ತೆಗೆಯುವ ಅಭ್ಯಾಸವಿದ್ದರೆ, ಆ ಏಳೆಂಟು ಗಂಟೆ ಬಟ್ಟೆ ಮುಚ್ಚಿದ ಡ್ರಮ್ಮಿನಲ್ಲಿ ಒದ್ದೆಯಾಗಿಯೇ ಇರುತ್ತದೆ. ಡಿಲೇ ಬಟನ್ ಒತ್ತಿ, ನೀವು ಏಳುವ ಹೊತ್ತಿಗೆ ಒಗೆತ ಮುಗಿಯುವಂತೆ ಮಾಡಿ. ಸ್ಪಿನ್ 1200ಕ್ಕೆ ಇಡಿ, ಟವೆಲ್ಲಿಗೆ ಇನ್ನೊಂದು ಸಲ ಸ್ಪಿನ್ ಮಾತ್ರ ಓಡಿಸಿ. ಮಷಿನ್ ತೆಗೆದ ಪ್ರತಿ ಹನಿ ಗಾಳಿಗೆ ಬಿಡಬೇಕಾದ ಹನಿಯಲ್ಲಿ ಕಡಿಮೆ.

ಫ್ಯಾನ್ ಹಾಕಿ ಕಿಟಕಿ ಬಾಗಿಲು ಮುಚ್ಚಿದರೆ ಕೋಣೆಯ ಗಾಳಿಯೇ ಒದ್ದೆಯಾಗಿ ಒಣಗುವುದು ನಿಂತುಹೋಗುತ್ತದೆ. ಟೇಬಲ್ ಫ್ಯಾನನ್ನು ನೆಲದಲ್ಲಿಟ್ಟು ಬಟ್ಟೆಯ ಅಡಿಯಿಂದ ಮೇಲಕ್ಕೆ ಗಾಳಿ ಬೀಸುವಂತೆ ತಿರುಗಿಸಿ, ಎದುರಿನ ಕಿಟಕಿ ತೆರೆದಿಡಿ. ಬಟ್ಟೆಗಳ ನಡುವೆ ನಾಲ್ಕು ಬೆರಳು ಅಂತರ ಬೇಕು. ಸೀಲಿಂಗಿನ ರಾಟೆ ಸರಳುಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಹಾಕಿ, ಟವೆಲನ್ನು ನಡುವೆ ಮಡಚದೆ ಒಂದು ಅಂಚಿನಿಂದ ಕ್ಲಿಪ್ ಹಾಕಿ ಇಳಿಬಿಡಿ. ಜೀನ್ಸನ್ನು ಒಳಗು ಹೊರಗು ಮಾಡಿ, ಸೊಂಟ ಮೇಲೆ ಬರುವಂತೆ, ಜೇಬು ಹೊರಗೆಳೆದು. ಏಸಿ ಇದ್ದರೆ ಅದರ ಕೋಣೆಯೇ ಒಳ್ಳೆಯ ಒಣಗಿಸುವ ಜಾಗ, ಪೈಪಿನಿಂದ ಹೊರಗೆ ತೊಟ್ಟಿಕ್ಕುವ ನೀರು ಆ ಕೋಣೆಯ ತೇವವೇ. ರಾತ್ರಿ ಹೇಗೂ ಓಡಿಸುವುದಿದ್ದರೆ ಸ್ಟ್ಯಾಂಡನ್ನು ಅಲ್ಲಿಗೆ ತನ್ನಿ.

ಮಳೆಗಾಲದ ನಾಲ್ಕು ತಿಂಗಳು ದಪ್ಪ ಟವೆಲ್ಲನ್ನು ಮಡಿಸಿಟ್ಟು ಪಾಣಿಪಂಚೆಗೆ ಬದಲಾದರೆ ಈ ತಾಪತ್ರಯದಲ್ಲಿ ಅರ್ಧ ಕಡಿಮೆ. ಊರಿನ ಬೈರಾಸು ತೆಳ್ಳಗಿರುವುದು ಸುಮ್ಮನೆ ಅಲ್ಲ.

ಇಸ್ತ್ರಿಯಿಂದ ಬಂದ ಬಟ್ಟೆಯಲ್ಲೂ ಸಣ್ಣಗೆ ತೇವ, ಬಿಸಿ ಎರಡೂ ಇರುತ್ತವೆ. ಒಂದು ಗಂಟೆ ಹೊರಗಿಟ್ಟು ಆಮೇಲೆ ಕಪಾಟಿಗೆ ಸೇರಿಸಿ. ಯೂನಿಫಾರ್ಮಿನ ಕಾಲರ್ ಮತ್ತು ದಪ್ಪ ಹೊಲಿಗೆಗಳನ್ನು ಬೆರಳಲ್ಲಿ ಒತ್ತಿ ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ.

ಬಟ್ಟೆಯ ಮೇಲೆ ಕರಿ ಚುಕ್ಕೆ ಬಿದ್ದಿದ್ದರೆ ಅದು ಬೂಷ್ಟು, ಇನ್ನೊಂದೇ ಲೆಕ್ಕ. ಬಿಳಿ ಹತ್ತಿಯಾದರೆ ತಣ್ಣೀರಿನಲ್ಲಿ ಕ್ಲೋರಿನ್ ಬ್ಲೀಚನ್ನು ಬಾಟಲಿಯ ಮೇಲೆ ಹೇಳಿದ ಅಳತೆಯಲ್ಲಿ ಬೆರೆಸಿ, ಹತ್ತು ನಿಮಿಷ ನೆನೆಸಿ ಎರಡು ಸಲ ಜಾಲಿಸಿ. ಬಣ್ಣದ್ದಕ್ಕೆ ಮೇಲೆ ಹೇಳಿದ ಪರ್‌ಕಾರ್ಬೊನೇಟ್ ನೆನೆಹಾಕುವುದೇ ಸರಿ. ಹಳೆಯ ಚುಕ್ಕೆ ಪೂರ್ತಿ ಹೋಗದೆಯೂ ಇರಬಹುದು, ಶಿಲೀಂಧ್ರ ಹತ್ತಿಯ ನೂಲನ್ನೇ ತಿಂದಿರುತ್ತದೆ. ಬ್ಲೀಚಿಗೆ ವಿನೆಗರ್, ನಿಂಬೆ, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದನ್ನೂ ಸೇರಿಸಬಾರದು. ಕ್ಲೋರಿನ್ ಅನಿಲ ಬರುತ್ತದೆ, ಮುಂಬಯಿಯ ಪುಟ್ಟ ಬಾತ್‌ರೂಮಿನಲ್ಲಿ ಅದು ಅಪಾಯ.

ನಿಮ್ಮ ಸೊಸೈಟಿಗೆ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬರುವುದಿದ್ದರೆ ಮೇಲಿನ ಅರ್ಧ ಅಳತೆಯ ಮಾತು ಅನ್ವಯಿಸದು. ಗಡಸು ನೀರಿನಲ್ಲಿ ಪೌಡರ್ ಪೊಟ್ಟಣದಷ್ಟೇ ಬೇಕಾಗುತ್ತದೆ. ಬಾರ್ ಸೋಪು ಉಜ್ಜಿದರೆ ಬೂದುಬಣ್ಣದ ಗಸಿ ಬಟ್ಟೆಗೇ ಅಂಟುತ್ತದೆ, ಟಬ್ಬಿಗೆ ಡೀಸ್ಕೇಲಿಂಗ್ ಪುಡಿಯೂ ಬೇಕು. ಅಂಥ ನೀರಿನಲ್ಲಿ ಒಗೆದ ಬಿಳಿ ಬಟ್ಟೆಗೆ ಕಂದು ಹಳದಿ ಕಲೆ ಬಂದರೆ ಅದು ಹೆಚ್ಚಾಗಿ ಕಬ್ಬಿಣ. ಕಿರಾಣಿ ಅಂಗಡಿಯಲ್ಲಿ ‘ನಿಂಬೂ ಫೂಲ್’ ಎಂದು ಕೇಳಿದರೆ ಸಿಗುವ ಸಿಟ್ರಿಕ್ ಆಮ್ಲವನ್ನು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚದಂತೆ ಕರಗಿಸಿ, ಅರ್ಧ ಗಂಟೆ ನೆನೆಸಿ ಚೆನ್ನಾಗಿ ಜಾಲಿಸಿ. ಬ್ಲೀಚನ್ನು ಮಾತ್ರ ಈ ಕಲೆಗೆ ಮುಟ್ಟಿಸಬೇಡಿ, ಇನ್ನಷ್ಟು ಗಟ್ಟಿಯಾಗಿ ಕೂತುಬಿಡುತ್ತದೆ.