ಕೋಲಾರದ ಕಪಾಟಿನಲ್ಲಿರುವ ಮಾಸ್ತಿ ಕಂಪ್ಯೂಟರಿನಲ್ಲಿ ಏಕೆ ಸಿಗುವುದಿಲ್ಲ?

ಕೋಲಾರದ ಕಾಲೇಜೊಂದರ ಗ್ರಂಥಾಲಯದಲ್ಲಿ ಕಳೆದ ವರ್ಷ ಕಂಪ್ಯೂಟರಿನ ಮುಂದೆ ಕುಳಿತು ಕನ್ನಡದಲ್ಲಿ 'ಮಾಸ್ತಿ' ಎಂದು ಹುಡುಕಿದೆ. ಒಂದು ಪುಸ್ತಕವೂ ಬರಲಿಲ್ಲ. ರೋಮನ್ ಲಿಪಿಯಲ್ಲಿ ಹುಡುಕಿದಾಗ ಮೂರು ಬಂದವು, ನಡುವೆ ಒಂದು 'ಎಚ್' ಸೇರಿಸಿದಾಗ ಬೇರೆ ಎರಡು, 'ವೆಂಕಟೇಶ ಅಯ್ಯಂಗಾರ್' ಎಂದಾಗ ಮತ್ತೆ ನಾಲ್ಕು. ಅಷ್ಟೂ ನನ್ನ ಬೆನ್ನ ಹಿಂದಿನ ಒಂದೇ ಕಪಾಟಿನಲ್ಲಿದ್ದವು. ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಊರಿನ ಹೆಸರಿನಿಂದಲೇ ನಾಡಿಗೆಲ್ಲ ಪರಿಚಿತರಾದ ಲೇಖಕರ ಸ್ಥಿತಿ ಇದಾದರೆ, ಉಳಿದವರದನ್ನು ಕೇಳುವಂತಿಲ್ಲ.

1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಾಮ್ ರೂಪಿಸಿದ, ಪುಸ್ತಕದ ವಿವರಗಳನ್ನು ಕಂಪ್ಯೂಟರ್ ಓದುವಂತೆ ದಾಖಲಿಸುವ ಮಾರ್ಕ್ ನಮೂನೆಯಿಂದ ಹೊರಟ ಗ್ರಂಥಾಲಯ ಗಣಕೀಕರಣದ ಕಥೆ, ಯುನೆಸ್ಕೋ ಹಂಚಿದ ಸಿಡಿಎಸ್-ಐಸಿಸ್ ತಂತ್ರಾಂಶವನ್ನು ಹಾದು, 2000ದ ಹೊತ್ತಿಗೆ ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ನ ಸೋಲ್ ತಂತ್ರಾಂಶ ಮತ್ತು ನ್ಯೂಜಿಲೆಂಡಿನಲ್ಲಿ ಹುಟ್ಟಿದ ಉಚಿತ ತಂತ್ರಾಂಶ ಕೋಹಾದವರೆಗೆ ಬಂದಿತು.

ನಮ್ಮ ಕಡೆ ಗಂಟು ಬಿದ್ದದ್ದು ಅದರ ನಂತರದ ವರ್ಷಗಳಲ್ಲಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮೊದಲು ಗಣಕೀಕರಣ ಮುಗಿಯಬೇಕೆಂಬ ಅವಸರ ಅನೇಕ ಕಾಲೇಜುಗಳಲ್ಲಿತ್ತು. ಬಂದ ಪುಸ್ತಕಗಳನ್ನು ನಮೂದಿಸುವ ದಶಕಗಳ ಪರಿಗ್ರಹಣ ರಿಜಿಸ್ಟರುಗಳನ್ನು ಪುಸ್ತಕಕ್ಕಿಷ್ಟು ಎಂಬ ದರಕ್ಕೆ ಟೈಪು ಮಾಡಿಸಲಾಯಿತು. ಟೈಪು ಮಾಡುವವರಿಗೆ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡುವ ಪ್ರಮೇಯವೇ ಬರಲಿಲ್ಲ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, ಆಗ ಕಚೇರಿಗಳಲ್ಲಿ ಬಳಕೆಯಲ್ಲಿದ್ದುದು ರೋಮನ್ ಸಂಕೇತಗಳ ಮೇಲೆ ಕನ್ನಡ ಅಕ್ಷರದ ಚಿತ್ರಗಳನ್ನು ಕೂರಿಸಿದ ಹಳೆಯ ಫಾಂಟುಗಳು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತ ಚಿಹ್ನೆಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತಿತ್ತು. ಆದ್ದರಿಂದ ಬಹಳ ಕಡೆ ಕನ್ನಡ ಶೀರ್ಷಿಕೆಗಳನ್ನೂ ರೋಮನ್ ಲಿಪಿಯಲ್ಲಿ, ಅವರವರಿಗೆ ತೋಚಿದ ಕಾಗುಣಿತದಲ್ಲಿ ನಮೂದಿಸಿದರು. ಹಳೆಯ ಕ್ಯಾಟಲಾಗ್ ಕಾರ್ಡಿನಲ್ಲಾದರೂ ಹೆಸರು ಕನ್ನಡದಲ್ಲೇ ಇರುತ್ತಿತ್ತು.

ಪರಿಹಾರ ಮಾರ್ಕ್ ನಮೂನೆಯೊಳಗೇ ಇದೆ. ಲೇಖಕರ ಹೆಸರು 100ನೆಯ ಕ್ಷೇತ್ರದಲ್ಲಿ, ಅಂದರೆ ವಿವರ ತುಂಬುವ ಖಾನೆಯಲ್ಲಿ, ಶೀರ್ಷಿಕೆ 245ರಲ್ಲಿ ಇರುತ್ತದೆ. ಅವನ್ನೇ ಇನ್ನೊಂದು ಲಿಪಿಯಲ್ಲಿ ಬರೆದು ಜೋಡಿಸಲು 880ನೆಯ ಕ್ಷೇತ್ರವಿದೆ. ಒಬ್ಬ ಲೇಖಕರ ಹಲವು ರೂಪದ ಹೆಸರುಗಳನ್ನು ಒಂದು ಅಧಿಕೃತ ರೂಪಕ್ಕೆ ಕಟ್ಟುವ ವ್ಯವಸ್ಥೆಯೂ ಇದೆ. ಆದರೆ ಇದನ್ನು ತುಂಬಲು ಕನ್ನಡ ಸಾಹಿತ್ಯ ಬಲ್ಲ, ತರಬೇತಿ ಪಡೆದ, ಹುದ್ದೆಯಲ್ಲಿ ನೆಲೆ ನಿಂತ ಗ್ರಂಥಪಾಲಕರು ಬೇಕು. ಯಂತ್ರ ಕೊಳ್ಳಲು ಸುಲಭವಾಗಿ ಸಿಗುವ ಅನುದಾನ ಈ ಕೆಲಸಕ್ಕೆ ಸಿಗುವುದು ಅಪರೂಪ.

ಸಾರ್ವಜನಿಕ ಗ್ರಂಥಾಲಯಗಳ ದಾರಿ ಬೇರೆ. ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಅವಕ್ಕೆ ಗ್ರಂಥಾಲಯ ಕರದ ಆಧಾರ ಕೊಟ್ಟಿತು, 2020ರಲ್ಲಿ ರಾಜ್ಯದ ಡಿಜಿಟಲ್ ಗ್ರಂಥಾಲಯ ಬಂದಿತು. ಮೊಬೈಲಿನಲ್ಲಿ ಇ-ಪುಸ್ತಕ ಓದಲು ಅದು ನೆರವಾಗುತ್ತದೆ. ತಾಲ್ಲೂಕು ಕೇಂದ್ರದ ಕಪಾಟಿನಲ್ಲಿ ಯಾವ ಪುಸ್ತಕವಿದೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ನಾನು ಹುಡುಕಿದ ಆ ಗ್ರಂಥಾಲಯದ ಗ್ರಂಥಪಾಲಕಿ ಈಗ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ದಿನಕ್ಕೆ ಹತ್ತು ನಮೂದುಗಳನ್ನು ಕನ್ನಡಕ್ಕೆ ತಿದ್ದುತ್ತಿದ್ದಾರೆ. ಮೊದಲು ಕೈಗೆತ್ತಿಕೊಂಡದ್ದು ಮಾಸ್ತಿಯವರ ಆ ಒಂಬತ್ತು ಪುಸ್ತಕಗಳನ್ನು.