ಎಡಗಡೆಯ ಕಂಬಗಳು ಎಲ್ಲಿ ಹೋದವು?

751 ಹಕ್ಕಿಗಳು, ಕೊಕ್ಕಿನ ದಪ್ಪ ಸರಾಸರಿ ಸುಮಾರು 9.4 ಮಿಲಿಮೀಟರ್. ಇಷ್ಟಕ್ಕೇ ನಿಲ್ಲಿಸಿದರೆ ಹೇಳಬೇಕಾದ ಕಥೆಯೇ ಉಳಿದುಹೋಗುತ್ತದೆ.

ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಸಮೂಹದ ಡ್ಯಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮೆರಿ ಗ್ರಾಂಟ್ ದಂಪತಿ 1973ರಿಂದ ಫಿಂಚ್ ಎಂಬ ಬೀಜ ತಿನ್ನುವ ಪುಟ್ಟ ಹಕ್ಕಿಗಳನ್ನು ಹಿಡಿದು, ಅಳೆದು, ಕಾಲಿಗೆ ಉಂಗುರ ತೊಡಿಸಿ ಬಿಡುತ್ತಿದ್ದರು. 1976ರಲ್ಲಿ ಅಳೆದ ಆ 751 ಹಕ್ಕಿಗಳ ಕೊಕ್ಕಿನ ದಪ್ಪದಿಂದ ಒಂದು ಹಿಸ್ಟೋಗ್ರಾಂ (ಕಂಬಗಳ ನಕ್ಷೆ) ಬಿಡಿಸೋಣ. ಅಡ್ಡಗೆರೆಯನ್ನು ಅರ್ಧರ್ಧ ಮಿಲಿಮೀಟರಿನ ಮನೆಗಳಾಗಿ ಪಾಲು ಮಾಡಿ, ಯಾವ ಮನೆಗೆ ಎಷ್ಟು ಹಕ್ಕಿ ಬಂದವೋ ಅಷ್ಟೆತ್ತರದ ಕಂಬ ನಿಲ್ಲಿಸುವುದು. ಮನೆ ತೀರಾ ಅಗಲವಾದರೆ ಎಲ್ಲವೂ ಎರಡು ಕಂಬಗಳಲ್ಲೇ ತುಂಬಿಕೊಂಡು ಆಕಾರ ಅಳಿಸಿಹೋಗುತ್ತದೆ. ತೀರಾ ಕಿರಿದಾದರೆ ಹಲ್ಲು ಮುರಿದ ಬಾಚಣಿಗೆ. ಮನೆಯ ಅಗಲ ಸರಿಯಿದ್ದರೆ ಕಾಣುವುದು ಗುಡ್ಡ: ನಡುವೆ ಎತ್ತರ, ಎರಡೂ ಕಡೆ ಇಳಿಜಾರು. 8 ಮಿ.ಮೀ. ಕೊಕ್ಕಿನದೂ 11 ಮಿ.ಮೀ. ಕೊಕ್ಕಿನದೂ ಒಂದೇ ಜಾತಿಯ ಹಕ್ಕಿ. ಈ ವ್ಯತ್ಯಾಸ ಅಳತೆಯ ತಪ್ಪಲ್ಲ, ಆ ಜಾತಿಯ ಬಂಡವಾಳ.

1977ರಲ್ಲಿ ಮಳೆ ಕೈಕೊಟ್ಟಿತು. ಮೆತ್ತನೆಯ ಸಣ್ಣ ಬೀಜಗಳು ಮೊದಲು ಖಾಲಿಯಾದವು. ಉಳಿದದ್ದರಲ್ಲಿ ಮುಖ್ಯವಾದದ್ದು ಟ್ರಿಬ್ಯುಲಸ್ ಗಿಡದ ಗಟ್ಟಿ ಮುಳ್ಳುಕಾಯಿ. ನಮ್ಮ ಬಯಲುಸೀಮೆಯ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳು ಅದರ ಹತ್ತಿರದ ನೆಂಟ. ಒಂದನ್ನು ಉಗುರಿನಲ್ಲಿ ಬಿಡಿಸಲು ನೋಡಿದವರಿಗೆ ಆ ಹಕ್ಕಿಗಳ ಕಷ್ಟ ತಿಳಿದೀತು. ನೂರಕ್ಕೆ 85ಕ್ಕೂ ಹೆಚ್ಚು ಸತ್ತವು.

1978ರಲ್ಲಿ ಬದುಕುಳಿದಿದ್ದ 90 ಹಕ್ಕಿಗಳ ಹಿಸ್ಟೋಗ್ರಾಂ ಅನ್ನು ಮೊದಲಿನದರ ಕೆಳಗಿಟ್ಟು ನೋಡಬೇಕು. ಬರಿಯ ಎಣಿಕೆ ಸಾಲದು, ಶೇಕಡಾವಾರು ಹೋಲಿಸಬೇಕು. ಯಾಕೆಂದರೆ ದಪ್ಪ ಕೊಕ್ಕಿನವೂ ಬಹಳಷ್ಟು ಸತ್ತಿದ್ದವು, ಎಲ್ಲ ಕಂಬಗಳೂ ಕುಸಿದಿದ್ದವು. ಆದರೆ ಎಡಗಡೆಯವು, ಅಂದರೆ ಗಟ್ಟಿ ಕಾಯಿ ಒಡೆಯಲಾರದ ಸಣ್ಣ ಕೊಕ್ಕಿನವುಗಳ ಕಂಬಗಳು, ಹೆಚ್ಚು ಕುಸಿದಿದ್ದವು. ಗುಡ್ಡ ಸುಮಾರು ಅರ್ಧ ಮಿಲಿಮೀಟರ್ ಬಲಕ್ಕೆ ಸರಿದಿತ್ತು. ನನ್ನನ್ನು ಪ್ರತಿಸಲ ಹಿಡಿದು ನಿಲ್ಲಿಸುವುದು ಇದೇ: ಬರದಲ್ಲಿ ಯಾವ ಹಕ್ಕಿಯ ಕೊಕ್ಕೂ ದಪ್ಪವಾಗಲಿಲ್ಲ. ಸರಾಸರಿ ಏರಿದ್ದು ಸತ್ತವುಗಳಿಂದ. ಸರಾಸರಿಯನ್ನಷ್ಟೇ ಬರೆದಿಟ್ಟಿದ್ದರೆ ‘ಕೊಕ್ಕು ಬೆಳೆಯಿತು’ ಎಂದು ಯಾರಾದರೂ ತಪ್ಪು ತಿಳಿಯುತ್ತಿದ್ದರು.

ಕೊಕ್ಕಿನ ದಪ್ಪ ತಂದೆತಾಯಿಯಿಂದ ಬರುವ ಗುಣ. ಹಾಗಾಗಿ 1978ರ ಮರಿಗಳ ಗುಡ್ಡವೂ ಬರದ ಹಿಂದಿನ ಮರಿಗಳದಕ್ಕಿಂತ ಬಲಕ್ಕಿತ್ತು.

1983ರಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾದಾಗ ಅಲ್ಲಿ ಬರುವ ಮಳೆ, ಧಾರಾಕಾರವಾಗಿ ಸುರಿಯಿತು. ಬಳ್ಳಿಗಳು ಹಬ್ಬಿ ನೆಗ್ಗಿಲಿನ ನೆಂಟನನ್ನು ಮುಚ್ಚಿಹಾಕಿದವು, ನೆಲದ ತುಂಬ ಸಣ್ಣ ಬೀಜ. ಮುಂದಿನ ಒಣ ವರ್ಷಗಳಲ್ಲಿ ಚಿಕ್ಕ ಕೊಕ್ಕಿನವೇ ಹೆಚ್ಚು ಉಳಿದವು. ಗುಡ್ಡ ಮತ್ತೆ ಎಡಕ್ಕೆ ಸರಿಯಿತು.