ಕಾರಿಗೆ ಕ್ಯಾಮೆರಾ ಕಟ್ಟಿದ ಮೇಲೆ ಎಷ್ಟು ಸ್ಪೀಡಲ್ಲಿ ಹೋಗಬೇಕು?

ಪ್ರಶ್ನೆ: ಕಾರಿಗೆ ಕ್ಯಾಮೆರಾ ಕಟ್ಟಿ ತೆಗೆದ ಫೋಟೋಗಳಲ್ಲಿ ಕಾರು ಸ್ಪಷ್ಟವಾಗಿರುತ್ತದೆ, ರಸ್ತೆ, ಮರ ಎಲ್ಲ ಗೆರೆ ಎಳೆದ ಹಾಗೆ ಓಡುತ್ತಿರುತ್ತದೆ. ನಮ್ಮದು ಮೂಡಿಗೆರೆ ಹತ್ತಿರ. ಚಾರ್ಮಾಡಿ ರಸ್ತೆಯಲ್ಲಿ 80ರಲ್ಲಿ ಹೋದರೆ ಸಾಕಾ, ಇನ್ನೂ ಜಾಸ್ತಿ ಬೇಕಾ? ಕ್ಯಾಮೆರಾ ಬಿದ್ದುಹೋಗುವುದಿಲ್ಲವಾ?

ಉತ್ತರ: 80 ಬೇಡ. ನಾವು ನಡೆಯುವಷ್ಟು ವೇಗ ಸಾಕು. ಅದೂ ಎಂಜಿನ್ ಆಫ್ ಮಾಡಿ, ಹಿಂದಿನಿಂದ ಇಬ್ಬರು ತಳ್ಳಿದರೆ ಇನ್ನೂ ಒಳ್ಳೆಯದು. ಚಾರ್ಮಾಡಿಯಲ್ಲಂತೂ ದಯವಿಟ್ಟು ಬೇಡ. ಆ ತಿರುವುಗಳಲ್ಲಿ ಎದುರಿಗೆ ಬಸ್ಸು ಬಂದಾಗ ನಿಮ್ಮ ಕಾರಿನ ಪಕ್ಕ ಕ್ಯಾಮೆರಾ ಕಟ್ಟಿದ ಒಂದೂವರೆ ಮೀಟರ್ ಕಂಬಿ ಚಾಚಿಕೊಂಡಿದ್ದರೆ ಏನಾಗುತ್ತದೆ ಅಂತ ಒಮ್ಮೆ ಯೋಚಿಸಿ.

ವೇಗ ಯಾಕೆ ಬೇಡ? ಫೋಟೋದಲ್ಲಿ ಗೆರೆ ಬರುವುದು ಕಾರಿನ ವೇಗದಿಂದಲ್ಲ, ಶಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಪರದೆ, ತೆರೆದಿದ್ದಷ್ಟು ಹೊತ್ತಿನಲ್ಲಿ ಕಾರು ಎಷ್ಟು ದೂರ ಹೋಯಿತು ಅನ್ನುವುದರಿಂದ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಶಟರ್ 1/8 ಸೆಕೆಂಡ್ ಇಟ್ಟರೆ ಅಷ್ಟರಲ್ಲಿ ಕಾರು ಸುಮಾರು 2 ಮೀಟರ್ ಹೋಗುತ್ತದೆ. ಈಗ ಅದೇ ಕಾರನ್ನು ಸೆಕೆಂಡಿಗೆ 1 ಮೀಟರ್‌ನಂತೆ ನಿಧಾನವಾಗಿ ತಳ್ಳಿ, ಶಟರನ್ನು 2 ಸೆಕೆಂಡ್ ತೆರೆದಿಡಿ. ಆಗಲೂ 2 ಮೀಟರೇ, ಅಲ್ವಾ? ಹಿನ್ನೆಲೆಯ ಗೆರೆ ಎರಡರಲ್ಲೂ ಒಂದೇ. ಆದರೆ ಮೊದಲನೆಯದರಲ್ಲಿ ಎಂಜಿನ್ ನಡುಕ, ಗಾಳಿ, ರಸ್ತೆಯ ಗುಂಡಿ ಎಲ್ಲ ಸೇರಿ ಕಂಬಿ ಅಲ್ಲಾಡಿ ಕಾರೇ ಮಸುಕಾಗುತ್ತದೆ. ಚಕ್ರವೂ ತಿರುಗಿದಂತೆ ಕಾಣಬೇಕು. ಸಣ್ಣ ಕಾರಿನ ಚಕ್ರ ಪೂರ್ತಿ ಒಂದು ಸುತ್ತು ಬರಲು ಸುಮಾರು 1.8 ಮೀಟರ್ ಸಾಕು, ಹಾಗಾಗಿ ಆ 2 ಮೀಟರ್‌ನಲ್ಲಿ ಚಕ್ರದ ಕಡ್ಡಿಗಳೆಲ್ಲ ಕರಗಿ ಒಂದಾಗಿರುತ್ತವೆ.

ಜಾಗ ಆರಿಸುವಾಗ ನಮ್ಮ ಕಡೆಯವರಿಗೆ ಒಂದು ದೊಡ್ಡ ಅನುಕೂಲ ಇದೆ, ಅದು ತೋಟದೊಳಗಿನ ರಸ್ತೆ. ಹತ್ತಿರದ ವಸ್ತು ಉದ್ದಕ್ಕೆ ಎಳೆದುಕೊಳ್ಳುತ್ತದೆ, ದೂರದ ಗುಡ್ಡ ಇದ್ದಲ್ಲೇ ಇರುತ್ತದೆ. ಅರಸೀಕೆರೆ ಕಡೆಯ ಬಯಲಲ್ಲಿ ನಿಂತು ತೆಗೆದರೆ ನೆಲ ಮಾತ್ರ ಓಡುತ್ತದೆ. ತೋಟದಲ್ಲಿ ಎರಡೂ ಕಡೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ, ಎಲ್ಲ ಕೈಗೆ ಸಿಗುವಷ್ಟು ಹತ್ತಿರ. ಗೆರೆ ದಟ್ಟವಾಗಿ ಬರುತ್ತದೆ. ಮೇಲಾಗಿ ನೆರಳು. ತೋಟದವರನ್ನು ಕೇಳಿ ಒಪ್ಪಿಗೆ ತೆಗೆದುಕೊಳ್ಳಿ, ಕೊಯ್ಲಿನ ದಿನಗಳಲ್ಲಿ ಹೋಗಬೇಡಿ, ಅವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಕಾಫಿ ಹರಡದ ಸಮಯವಾದರೆ ಮೊದಲು ಸಿಮೆಂಟಿನ ಕಣದಲ್ಲೇ ಅಭ್ಯಾಸ ಮಾಡಿ. ನೆಲ ಸಮ, ಕುಲುಕಾಟವೇ ಇಲ್ಲ.

ಬಿಸಿಲಲ್ಲಿ ಶಟರ್ 2 ಸೆಕೆಂಡ್ ತೆರೆದರೆ ಫೋಟೋ ಪೂರ್ತಿ ಬೆಳ್ಳಗಾಗುತ್ತದೆ. ಅದಕ್ಕೇ ಎನ್‌ಡಿ ಫಿಲ್ಟರ್, ಲೆನ್ಸಿಗೆ ಹಾಕುವ ಕಪ್ಪು ಗಾಜು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಸಣ್ಣದಾಗಿ ಎಫ್/16 ಇಟ್ಟರೆ ಸುಡು ಬಿಸಿಲಲ್ಲಿ ಸುಮಾರು 1/100 ಸೆಕೆಂಡ್ ಸಿಗುತ್ತದೆ. ಎನ್‌ಡಿ 64 ಹಾಕಿದರೆ ಅದು 64 ಪಟ್ಟಾಗಿ ಅರ್ಧ ಸೆಕೆಂಡ್ ದಾಟುತ್ತದೆ. ಮರದ ನೆರಳಲ್ಲಿ ಎನ್‌ಡಿ 8 ಸಾಕಾಗುವುದೂ ಉಂಟು. ಫೋಕಸ್ ಮ್ಯಾನುಯಲ್ ಮಾಡಿ, ಸ್ಟೆಬಿಲೈಸೇಶನ್ ಆಫ್ ಮಾಡಿ. ಕಾರು ಸ್ವಲ್ಪ ತಿರುಗಿದರೂ ಅದು ಕೈ ನಡುಗಿತು ಅಂದುಕೊಂಡು ತಿದ್ದಲು ಹೋಗುತ್ತದೆ.

ಈಗ ಬೀಳುವ ಪ್ರಶ್ನೆ. ಎಲ್ಲಕ್ಕಿಂತ ಜಾಸ್ತಿ ಗಮನ ಇಲ್ಲೇ ಬೇಕು. ಒಂದು ಡಿಸೆಂಬರ್ ಬೆಳಿಗ್ಗೆ ಚಿಕ್ಕಮಗಳೂರಲ್ಲಿ ಬಾನೆಟ್ ಮೇಲಿನ ಇಬ್ಬನಿಯನ್ನು ಅಂಗೈಯಲ್ಲಿ ಸವರಿ ಸಕ್ಷನ್ ಕಪ್, ಅಂದರೆ ಕಂಬಿಯನ್ನು ಕಾರಿಗೆ ಹಿಡಿದಿಡುವ ರಬ್ಬರ್ ಬಟ್ಟಲು, ಒತ್ತಿದ್ದೆ. ಗಟ್ಟಿಯಾಗಿ ಕೂತಿತ್ತು, ಎಳೆದರೂ ಬರಲಿಲ್ಲ. ಇಪ್ಪತ್ತು ನಿಮಿಷ ಕಳೆದು ನೋಡಿದರೆ ರಬ್ಬರಿನ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದೊಂದಾಗಿ ಒಳಗೆ ಸರಿಯುತ್ತಿದ್ದವು. ಗಾಳಿ ನುಗ್ಗುತ್ತಿತ್ತು. ಸ್ವಲ್ಪ ಹೊತ್ತಿಗೆ ಟಪ್ ಅಂತ ಬಿಟ್ಟುಕೊಂಡಿತು. ಕ್ಯಾಮೆರಾ ಉಳಿದದ್ದು ಬಾಗಿಲ ಒಳಗಿನಿಂದ ಕಟ್ಟಿದ್ದ ನೈಲಾನ್ ಹಗ್ಗದಿಂದ.

ಹಾಗಾಗಿ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಪೂರ್ತಿ ಒಣಗಿಸಿ, ಕಪ್ಪಿನ ರಬ್ಬರನ್ನೂ ಒರೆಸಿ. ಅಂಟಿಸಿ ಕಾಲು ಗಂಟೆ ಸುಮ್ನೆ ಬಿಡಿ, ಮತ್ತೆ ಎಳೆದು ನೋಡಿ. ಗಾಜು ಅತ್ಯುತ್ತಮ ಜಾಗ. ತಗಡಾದರೆ ಅಂಚಿನ ಹತ್ತಿರ ಗಟ್ಟಿ ಇರುವಲ್ಲಿ ಅಂಟಿಸಿ, ಟಿಂಕರಿಂಗ್ ಆಗಿ ಹೊಸದಾಗಿ ಪೇಂಟ್ ಹೊಡೆದ ಭಾಗ ಬೇಡ, ಪೇಂಟೇ ಕಿತ್ತುಬರಬಹುದು. ಒಂದೇ ಕಪ್ ನಂಬಬೇಡಿ. ಮೂರು ಕಡೆ ಕೂತರೆ ಕಂಬಿ ಅಲ್ಲಾಡುವುದೂ ಕಡಿಮೆ. ಇನ್ನೊಂದು ವಿಷಯ, ಕಪ್ಪನ್ನು ಹಿಡಿದಿಡುವುದು ಹೊರಗಿನ ಗಾಳಿಯ ಒತ್ತಡ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಆ ಒತ್ತಡ ಸಮುದ್ರಮಟ್ಟದ ಸುಮಾರು 80 ಶೇಕಡಾ ಮಾತ್ರ. ಪ್ಯಾಕೆಟ್ ಮೇಲೆ ಬರೆದ ತೂಕದ ಲೆಕ್ಕ ಬೆಟ್ಟದ ಮೇಲೆ ಹಾಗೇ ನಡೆಯುವುದಿಲ್ಲ.

ತಳ್ಳುವಾಗ ಡ್ರೈವರ್ ಸೀಟಿನಲ್ಲಿ ಕಾರು ಗೊತ್ತಿರುವ ಒಬ್ಬರು ಕೂತಿರಲೇಬೇಕು. ಗೇರ್ ನ್ಯೂಟ್ರಲ್, ಕೀ ಆನ್. ಕೀ ತೆಗೆದರೆ ಸ್ಟಿಯರಿಂಗ್ ಲಾಕ್ ಆಗುತ್ತದೆ. ಎಂಜಿನ್ ಆಫ್ ಇದ್ದಾಗ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಿನ ಹಾಗಾಗುತ್ತದೆ, ಆದ್ದರಿಂದ ಇಳಿಜಾರಿನಲ್ಲಿ ಈ ಕೆಲಸ ಬೇಡವೇ ಬೇಡ, ಸಮತಟ್ಟಾದ ಕಡೆಯೂ ಕೈ ಹ್ಯಾಂಡ್‌ಬ್ರೇಕ್ ಮೇಲೇ ಇರಲಿ.

ಫೋಟೋದಲ್ಲಿ ಕಂಬಿಯೂ ಬರುತ್ತದೆ, ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ. ರಸ್ತೆಯ ಮೇಲೆ ಹಾದುಹೋದ ಕಂಬಿ ಸುಲಭವಾಗಿ ಹೋಗುತ್ತದೆ. ಹೊಳೆಯುವ ಬಾಗಿಲಲ್ಲಿ ಬಿದ್ದ ಅದರ ಪ್ರತಿಬಿಂಬ ಹೋಗುವುದು ಕಷ್ಟ. ಅದಕ್ಕೆ ಕಂಬಿ ಕಟ್ಟುವ ಮೊದಲೇ ಅದೇ ಜಾಗದಿಂದ ಕಾರಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ತಿದ್ದುವಾಗ ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಸಾಮಾನಿಗೆ ಈಗಲೇ ದುಡ್ಡು ಹಾಕಬೇಕಿಲ್ಲ. ಟ್ರೈಪಾಡನ್ನು ಹಿಂದಿನ ಸೀಟಿನ ನಡುವೆ ಇಟ್ಟು ಸೀಟ್ ಬೆಲ್ಟಿನಲ್ಲಿ ಬಿಗಿದು, ಸಂಜೆ ಬೀದಿದೀಪ ಹತ್ತಿದ ಮೇಲೆ ಹಾಸನದ ಬಿ.ಎಂ. ರಸ್ತೆಯಲ್ಲೋ ನಿಮ್ಮೂರ ಪೇಟೆಯಲ್ಲೋ ಸ್ನೇಹಿತರು 20ರ ವೇಗದಲ್ಲಿ ಓಡಿಸಲಿ. ಶಟರ್ 1 ಸೆಕೆಂಡ್. ಸ್ಟಿಯರಿಂಗ್ ಹಿಡಿದ ಕೈ ಸ್ಪಷ್ಟವಾಗಿ, ಗಾಜಿನಾಚೆ ಅಂಗಡಿಗಳ ಬೆಳಕೆಲ್ಲ ದಾರದಂತೆ ಬರುತ್ತದೆ. ಮೂವತ್ತು ನಲವತ್ತು ತೆಗೆಯಿರಿ, ಪ್ರತಿಯೊಂದನ್ನೂ ದೊಡ್ಡದು ಮಾಡಿ ಸ್ಪೀಡೋಮೀಟರಿನ ಅಂಕಿಗಳನ್ನು ನೋಡಿ. ಅಂಕಿ ಓದಲು ಬಂದರೆ ಆ ಫೋಟೋ ಇಟ್ಟುಕೊಳ್ಳಿ.